ತಿಲಕ್ ನಗರದ ಆಲ್ಬಂ, ಮುಖರ್ಜಿ ನಗರದ ಜೆರಾಕ್ಸ್ ಅಂಗಡಿ

ಹೋದ ಸಲ ಮಾತಾಡಿದಾಗ ಬರೀ ಕೆಲಸದ ವಿಷಯ ಆಯ್ತು. ಇವತ್ತು ಒಂದು ರ‍್ಯಾಪ್ ಆಲ್ಬಂ ಬಗ್ಗೆ ಹೇಳ್ತೀನಿ.

2017ರ ಕೊನೆ. ನನ್ನ ಆಫೀಸು ಗುರುಗ್ರಾಮದಲ್ಲಿ, ವಾಸ ದೆಹಲಿಯ ಇನ್ನೊಂದು ತುದಿ ಮುಖರ್ಜಿ ನಗರದಲ್ಲಿ. ಚಿಕ್ಕಮ್ಮನ ಮಗ ಅಲ್ಲಿ ಯುಪಿಎಸ್‌ಸಿಗೆ ಓದ್ತಿದ್ದ. ಒಂದೇ ರೂಮು, ಬಾಡಿಗೆ ಅರ್ಧರ್ಧ. ಜಿಟಿಬಿ ನಗರದಲ್ಲಿ ಮೆಟ್ರೋ ಹತ್ತಿದ್ರೆ ಸೀದಾ ಗುರುಗ್ರಾಮ, ಗಂಟೆಗೂ ಮೇಲಿನ ದಾರಿ. ಭಾನುವಾರ ಅವನ ನೋಟ್ಸ್ ಜೆರಾಕ್ಸ್ ಮಾಡಿಸೋದು ನನ್ನ ಡ್ಯೂಟಿ. ಬತ್ರಾ ಸಿನೆಮಾ ಹತ್ತಿರ ಅಂಥ ಅಂಗಡಿಗಳೇ ಸಾಲು ಸಾಲು.

ನಾನು ಹೋಗ್ತಿದ್ದ ಅಂಗಡಿಯಲ್ಲಿ ಒಬ್ಬ ಸರ್ದಾರ್ ಹುಡುಗ, ಇಪ್ಪತ್ತರ ಆಸುಪಾಸು. ಮೆಷಿನ್ ಪಕ್ಕ ಮೊಬೈಲಿಟ್ಟು ಸದಾ ಒಂದೇ ಆಲ್ಬಂ ಹಾಕ್ತಿದ್ದ. ಒಂದಿನ ತಲೆನೋವಿತ್ತು. "ಈ ಗೂಂಡಾಗಳ ಹಾಡು ನಿಲ್ಲಿಸಪ್ಪ" ಅಂದೆ, ನನ್ನ ಹರಕು ಹಿಂದಿಯಲ್ಲಿ. ನಿಲ್ಲಿಸಿದ. ಏನೂ ಹೇಳಲಿಲ್ಲ. ಮುಂದಿನ ವಾರ ಹಾಳೆಗಳಿಗೆ ಪಿನ್ ಹೊಡೀತಾ ತಾನಾಗೇ ಹೇಳಿದ: "ಭಯ್ಯಾ, ಅದು ಗೂಂಡಾಗಳ ಹಾಡಲ್ಲ. ನಮ್ಮ ಗಲ್ಲಿಯದು. ನನ್ನ ಜೊತೆ ಶಾಲೆಗೆ ಬರ್ತಿದ್ದವನೊಬ್ಬ ಚಿಟ್ಟಾಕ್ಕೆ ಸತ್ತ." ಚಿಟ್ಟಾ ಅಂದ್ರೆ ಹೆರಾಯಿನ್.

ಆ ಆಲ್ಬಂ ಪ್ರಭ್ ದೀಪ್ ಅವರ 'ಕ್ಲಾಸ್-ಸಿಖ್'. ಕ್ಲಾಸಿಕ್ ಅನ್ನೋದನ್ನೇ ತಿರುಚಿ ಇಟ್ಟ ಹೆಸರು. ಆಜಾದಿ ರೆಕಾರ್ಡ್ಸ್ 2017ರಲ್ಲಿ ತಂದದ್ದು. ಸಂಗೀತ ದೆಹಲಿಯ ಸೆಜ್ ಆನ್ ದ ಬೀಟ್. ಮುಂಬೈನ ಡಿವೈನ್, ನೇಜಿ ಅವರ 'ಮೇರೆ ಗಲ್ಲಿ ಮೇ' ಬೀಟ್ ಮಾಡಿದವರೂ ಇವರೇ. ಪ್ರಭ್ ದೀಪ್ ಪಶ್ಚಿಮ ದೆಹಲಿಯ ತಿಲಕ್ ನಗರದವರು, ನಮ್ಮ ಹುಡುಗನೂ ಅಲ್ಲಿಯವನೇ. ಅಲ್ಲೇ ಪಕ್ಕದ ತಿಲಕ್ ವಿಹಾರದಲ್ಲಿ 1984ರ ಹತ್ಯಾಕಾಂಡದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗೆ ಮನೆ ಕೊಟ್ಟ ಕಾಲೊನಿ ಇದೆ. ಜನ ಅದನ್ನು ಇವತ್ತಿಗೂ ವಿಧವಾ ಕಾಲೊನಿ ಅಂತಲೇ ಕರೀತಾರೆ.

ಅವತ್ತಿಂದ ಮೆಟ್ರೋದಲ್ಲಿ ಕೇಳೋಕೆ ಶುರು ಮಾಡಿದೆ. ಪಂಜಾಬಿ ಬರಲ್ಲ. ಒಂದು ಹಾಡು ಅರ್ಥ ಆಗೋಕೆ ಒಂದು ವಾರ ಹಿಡೀತಿತ್ತು; ಅರ್ಥ ಆಗದ ಸಾಲನ್ನ ಭಾನುವಾರ ಹುಡುಗನ್ನ ಕೇಳ್ತಿದ್ದೆ. ನಶೆ, ಪೊಲೀಸು, ಕಳೆದುಹೋದ ಗೆಳೆಯರು. ಕಾರು, ಚಿನ್ನದ ಸರದ ಜಂಬ ಕೇಳ್ತೀನಿ ಅಂದುಕೊಂಡಿದ್ದವನಿಗೆ ಸಿಕ್ಕಿದ್ದು ಸೂತಕದ ಮನೆಯಂಥ ದನಿ. ಕಾಂಪ್ಟನ್‌ನ ಎನ್.ಡಬ್ಲ್ಯೂ.ಎ. ಹುಡುಗರು 1988ರಲ್ಲಿ ಆಲ್ಬಂ ತಂದಾಗ ಲೋಕ ಅದನ್ನ 'ಗ್ಯಾಂಗ್‌ಸ್ಟಾ ರ‍್ಯಾಪ್' ಅಂತ ಕರೀತು. ಅವರು ಹೇಳಿಕೊಂಡದ್ದು 'ರಿಯಾಲಿಟಿ ರ‍್ಯಾಪ್' ಅಂತ. ನಾನು ಎಂಜಿನಿಯರಿಂಗ್ ಹಾಸ್ಟೆಲಲ್ಲಿ ಅವರ ಹಾಡಿಗೆ ತಲೆ ಆಡಿಸಿದವನೇ. ಅಮೆರಿಕದ ಗಲ್ಲಿಗೆ ತಲೆ ಆಡಿಸಿದವನಿಗೆ ಹನ್ನೆರಡೋ ಹದಿನೈದೋ ಕಿಲೋಮೀಟರ್ ಆಚೆಯ ಗಲ್ಲಿ ತಲೆನೋವಾಗಿತ್ತು.

ಒಂದಿನ ಹುಡುಗ ಕೇಳಿದ: "ನಿಮ್ಮ ಕಡೆ ಇಂಥದ್ದಿಲ್ವಾ?" ಬೆಂಗಳೂರಿನವರು ಬಿಡ್ತೀವಾ? ಬ್ರೋಧಾ ವಿ ಅವರ 'ಆತ್ಮ ರಾಮ' ಹಾಕಿದೆ. ಅವರ ಹಳೇ ತಂಡದ ಹೆಸರು 'ಮಚಾಸ್ ವಿತ್ ಆಟಿಟ್ಯೂಡ್', ಎನ್.ಡಬ್ಲ್ಯೂ.ಎ. ನೆನಪಲ್ಲೇ ಇಟ್ಟದ್ದು ಅಂತೆಲ್ಲ ವಿವರಿಸಿದೆ. ಪೂರ್ತಿ ಕೇಳಿದ. "ಹುಡುಗ ಜೋರಿದ್ದಾನೆ. ಆದ್ರೆ ಇದು ಇಂಗ್ಲಿಷ್ ಅಲ್ವಾ ಭಯ್ಯಾ? ನಾನು ಕೇಳಿದ್ದು ನಿಮ್ಮ ಭಾಷೇದು."

ಫೋನ್ ಹುಡುಕಿದೆ. ಕನ್ನಡದ್ದು ಅಂತ ಇದ್ದದ್ದು ಚಂದನ್ ಶೆಟ್ಟಿ ಅವರ 'ತ್ರೀ ಪೆಗ್' ಒಂದೇ. ಹಾಕಿದೆ. ಹುಡುಗ ಕುಣಿದೇಬಿಟ್ಟ. ಕುಣಿದು ಮುಗಿದ ಮೇಲೆ, "ಇದು ಮದುವೆಗೆ ಸರಿ" ಅಂದ. ಕನ್ನಡದಲ್ಲಿ ಎಂಸಿ ಬಿಜ್ಜು, ಗುಬ್ಬಿ ಅಂಥವರಿದ್ದಾರೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಇಲ್ಲ ಅಂತ ಅಲ್ಲ, ನಾನು ಕೇಳಿರಲಿಲ್ಲ ಅಷ್ಟೇ.

ತಮ್ಮನಿಗೆ ಆ ವರ್ಷವೂ ಪ್ರಿಲಿಮ್ಸ್ ಆಗಲಿಲ್ಲ, ರೂಮು ಖಾಲಿ ಮಾಡಿದ್ವಿ. ನೋಟ್ಸಿನ ಕಟ್ಟುಗಳನ್ನೆಲ್ಲ ಅದೇ ಅಂಗಡಿಗೆ ರದ್ದಿಗೆ ಕೊಟ್ಟೆ. ಹುಡುಗ ತೂಕ ಹಾಕೋಕೆ ಮುಂಚೆ ಹಾಡಿನ ವಾಲ್ಯೂಮ್ ಇಳಿಸೋಕೆ ಹೋದ. ಇರಲಿ ಬಿಡು ಅಂದೆ.