ಮಾಲೆಗಾಂವ್: ತನಿಖೆ ಎಲ್ಲಿಂದ ಆರಂಭವಾಗಬೇಕು?

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣ)



2006ರ ಸೆಪ್ಟೆಂಬರ್ 8, ಶುಕ್ರವಾರ. ಅಂದು ಶಬೆ ಬರಾತ್. ಮಹಾರಾಷ್ಟ್ರದ ಮಾಲೆಗಾಂವ್‌ನಲ್ಲಿ ಜುಮಾ ನಮಾಝ್ ಮುಗಿಸಿ ಬಡಾ ಕಬರಸ್ತಾನದಲ್ಲಿ ನೆರೆದಿದ್ದವರ ನಡುವೆ ಬಾಂಬುಗಳು ಸಿಡಿದವು. 30ಕ್ಕೂ ಅಧಿಕ ಮಂದಿ ಮಡಿದರು. ಭಯೋತ್ಪಾದನಾ ನಿಗ್ರಹ ದಳವು ಆರೋಪಿಗಳೆಂದು ಬಂಧಿಸಿದ್ದು 9 ಮಂದಿ ಮುಸ್ಲಿಮರನ್ನು. ಅವರಲ್ಲೊಬ್ಬರು ಸ್ಫೋಟದ ದಿನ ಪೊಲೀಸರ ವಶದಲ್ಲೇ ಇದ್ದರು!

2010ರ ಡಿಸೆಂಬರ್‌ನಲ್ಲಿ ಸ್ವಾಮಿ ಅಸೀಮಾನಂದರು ದಿಲ್ಲಿಯ ಮ್ಯಾಜಿಸ್ಟ್ರೇಟರೆದುರು ಬೇರೊಂದು ಜಾಲದ ಹುಟ್ಟನ್ನು ವಿವರಿಸಿದರು. ದೇವಾಲಯಗಳ ಮೇಲಿನ ದಾಳಿಗೆ ಬಾಂಬಿನಿಂದಲೇ ಉತ್ತರಿಸಬೇಕೆಂಬ ಪ್ರತೀಕಾರ ಭಾವನೆಯೇ ಅದರ ಮೂಲವೆಂದರು. ಬಳಿಕ ಹೇಳಿಕೆಯನ್ನು ಹಿಂತೆಗೆದುಕೊಂಡರು. ಬೇರೆ ಸ್ಫೋಟ ಪ್ರಕರಣಗಳಲ್ಲಿ ಖುಲಾಸೆಯೂ ಆದರು. ಆದರೆ 2013ರಲ್ಲಿ ಎನ್‌ಐಎ ಬೇರೆಯೇ ಆರೋಪಿಗಳ ವಿರುದ್ಧ ಆರೋಪಪಟ್ಟಿ ಸಲ್ಲಿಸಿತು. 2016ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಮೊದಲಿನವರನ್ನು ಆರೋಪಮುಕ್ತಗೊಳಿಸಿತು.

ಪವಿತ್ರ ದಿನದಂದು ಮುಸ್ಲಿಮರು ಸ್ವಧರ್ಮೀಯರನ್ನೇ ಕೊಲ್ಲುವುದು ಅಸಂಭವವೆಂದೂ ನ್ಯಾಯಾಲಯ ಹೇಳಿತು. ಈ ತರ್ಕ ನಮಗೆ ಹಿತವೆನಿಸಬಹುದು, ನನಗಂತೂ ಒಪ್ಪಿಗೆಯಿಲ್ಲ. ಪಾಕಿಸ್ತಾನ, ಇರಾಕ್‌ಗಳ ಮಸೀದಿಗಳಲ್ಲಿ ನಮಾಝಿಗಳನ್ನು ಕೊಂದವರು ಮುಸ್ಲಿಮರೆನಿಸಿಕೊಂಡವರೇ ಅಲ್ಲವೇ? ಧರ್ಮ ನೋಡಿ ಬಂಧಿಸುವುದು ತಪ್ಪಾದರೆ ಧರ್ಮ ನೋಡಿ ಬಿಡುವುದೂ ತಪ್ಪೇ. ನೋಡಬೇಕಾದುದು ಆರೋಪಿ ಅಂದು ಎಲ್ಲಿದ್ದನೆಂಬ ದಾಖಲೆಯನ್ನು.

2008ರ ಸೆಪ್ಟೆಂಬರ್ 29ರಂದು ಅದೇ ಊರಿನಲ್ಲಿ ಮತ್ತೆ 6 ಮಂದಿ ಹತರಾದಾಗ ಹೇಮಂತ ಕರ್ಕರೆಯವರ ತಂಡ ಬೆನ್ನು ಹತ್ತಿದ್ದು ಸ್ಫೋಟಕ್ಕೆ ಬಳಸಿದ ಮೋಟಾರ್ ಸೈಕಲಿನ ಒಡೆತನವನ್ನು. ಎರಡೇ ತಿಂಗಳಲ್ಲಿ ಅವರು ಮುಂಬೈ ದಾಳಿಯಲ್ಲಿ ಹುತಾತ್ಮರಾದರು. 2025ರ ಜುಲೈ 31ರಂದು ಆ ಪ್ರಕರಣದ ಏಳೂ ಆರೋಪಿಗಳನ್ನು ಸಾಕಷ್ಟು ಸಾಕ್ಷ್ಯವಿಲ್ಲವೆಂದು ವಿಶೇಷ ನ್ಯಾಯಾಲಯ ಖುಲಾಸೆಗೊಳಿಸಿತು. ಮೃತರ ಬಂಧುಗಳು ಬಾಂಬೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ.