ಹೃದ್ರೋಗವೂ ಸೈನಿಕನ ಗಾಯವೇ
(ಮಾಜಿ ಸೈನಿಕರ ಸಭೆಯಲ್ಲಿ ಮಾಡಿದ ಭಾಷಣ)



ಗುಂಡು ತಗುಲಿದ ಕಾಲನ್ನು ಯಾರಿಗಾದರೂ ತೋರಿಸಬಹುದು. ಕೆಟ್ಟ ಹೃದಯವನ್ನು ತೋರಿಸುವುದು ಹೇಗೆ? ಹುಡುಗನ ಎದೆ ಅಳೆದು, ಓಡಿಸಿ, ನಾಡಿ ನೋಡಿ, ಗಟ್ಟಿ ಆಳೆಂದು ಸೇರಿಸಿಕೊಳ್ಳುತ್ತಾರೆ. ಇಪ್ಪತ್ತು ವರುಷದ ಮೇಲೆ ಅದೇ ಎದೆ ಕೆಟ್ಟರೆ, ಸೇವೆಗೂ ಇದಕ್ಕೂ ಸಂಬಂಧವಿಲ್ಲವೆಂದು ಒಂದು ಸಾಲು ಬರೆದು ಮನೆಗೆ ಕಳಿಸುತ್ತಾರೆ. ಆ ಒಂದು ಸಾಲಿನಿಂದ ಅಂಗವೈಕಲ್ಯ ಪಿಂಚಣಿ ತಪ್ಪಿಹೋಗುತ್ತದೆ.

ವೈದ್ಯಕೀಯ ಮಂಡಳಿಯ ಮುಂದೆ ಇರುವ ಪ್ರಶ್ನೆಗಳು ಎರಡು. ಕಾಯಿಲೆ ಸೇವೆಯಿಂದ ಬಂದಿತೇ ಅಥವಾ ಸೇವೆಯಿಂದ ಉಲ್ಬಣಿಸಿತೇ? ವೈಕಲ್ಯ ಶೇಕಡಾ ಎಷ್ಟು? ಮೊದಲನೆಯದರಲ್ಲಿಯೇ ನಮ್ಮವರು ಸೋಲುವುದು. 2008ರ ವೈದ್ಯಾಧಿಕಾರಿಗಳ ಮಾರ್ಗದರ್ಶಿಯಲ್ಲಿ, ಹೃದ್ರೋಗ ಕಾಣಿಸಿಕೊಳ್ಳುವ ಮುಂಚಿನ 14 ದಿನಗಳ ಕೆಲಸದ ವಿವರ ನೋಡಬೇಕೆಂದಿತ್ತು. ಹಿಮದ ಗಡಿಯಲ್ಲಿ ವರುಷಗಟ್ಟಲೆ ನಿಂತವನು ಊರಿನ ಠಾಣೆಗೆ ವರ್ಗವಾಗಿ, ಮೂರು ತಿಂಗಳ ಮೇಲೆ ಎದೆ ಹಿಡಿದುಕೊಂಡು ಬಿದ್ದರೆ, ಆ 14 ದಿನಗಳಲ್ಲಿ ಏನು ಸಿಕ್ಕೀತು? ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಹದಿನಾಲ್ಕು ದಿನದ ಕೆಲಸವೇ?

ಬೀಡಿ, ಕುಡಿತ, ವಂಶದ ರೋಗ ಎನ್ನುತ್ತಾರೆ. ಇರಬಹುದು. ಹಾಗಿದ್ದರೆ ಕಾರಣ ಬರೆಯಲಿ. 2013ರ ಜುಲೈ 2ರಂದು ಧರ್ಮವೀರ ಸಿಂಗರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. ಅದು ಮೂರ್ಛೆರೋಗದ ಮೊಕದ್ದಮೆ. ತತ್ವ ಮಾತ್ರ ಹೃದಯಕ್ಕೂ ಸಲ್ಲುತ್ತದೆ. ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ಮಾತಿಲ್ಲದಿದ್ದರೆ, 1982ರ ನಿಯಮಗಳಂತೆ ಅದು ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು, ರೋಗಿಯದಲ್ಲ. ಸಂಶಯದ ಲಾಭವೂ ಸೈನಿಕನಿಗೇ.

ಇನ್ನು ಶೇಕಡಾ ಲೆಕ್ಕ. 20ಕ್ಕೆ ಕಡಿಮೆಯಾದರೆ ಸಾಮಾನ್ಯವಾಗಿ ಪಿಂಚಣಿಯಿಲ್ಲ. 30 ಎಂದು ಬರೆದರೆನ್ನಿ. ಅದನ್ನು 50ಕ್ಕೆ ಏರಿಸಿ ಕೊಡುವ ಪದ್ಧತಿಯಿತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರರ ಮೊಕದ್ದಮೆಯಲ್ಲಿ ತೀರ್ಪಾಯಿತು.

2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದಿವೆ. ಹಿಂದಿನವರಿಗೆ ಅವು ಅನ್ವಯಿಸವೆಂದು ಸರಕಾರವೇ ಹೇಳಿದೆ. ಆದ್ದರಿಂದ ನೀವು ಬಿಡುಗಡೆಯಾದ ತಾರೀಖು ಯಾವುದೆಂದು ಮೊದಲು ನೋಡಿಕೊಳ್ಳಿ. ಮಂಡಳಿಯ ವರದಿಯ ನಕಲನ್ನು ಬರೆದು ಕೇಳಿ. ಕಾರಣವಿಲ್ಲದ ಒಂದು ಸಾಲು ಮಾತ್ರ ಇದ್ದರೆ ಮೇಲ್ಮನವಿ ಹಾಕಿ. ಅಲ್ಲಿಯೂ ಆಗದಿದ್ದರೆ 2007ರ ಕಾಯಿದೆಯಿಂದಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಗಂಡ ತೀರಿಕೊಂಡಿದ್ದರೂ, ತಾಯಂದಿರೇ, ಆ ಕಾಗದಗಳನ್ನು ಒಲೆಗೆ ಹಾಕಬೇಡಿ.

ಒಬ್ಬೊಬ್ಬರೇ ಬರೆದ ಅರ್ಜಿ ಮೂಲೆ ಸೇರುತ್ತದೆ. ಕೂಡಿ ಬರೆಯೋಣ, ಕೂಡಿ ಹೋಗೋಣ. ನಾವು ಕೇಳುತ್ತಿರುವುದು ದಾನವಲ್ಲ, ಸವೆಸಿದ ದೇಹಕ್ಕೆ ಬರಬೇಕಾದ ಬಾಕಿ.