ಮನೆಕೂಟದಲ್ಲಿ ಹೇಳದೆ ಉಳಿದ ಮಾತು

ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಒಂದು ಮನೆಕೂಟ ಎಂದಿಟ್ಟುಕೊಳ್ಳಿ. ಚಾಪೆಯ ಮೇಲೆ ತಲೆಗೆ ಸೆರಗು ಹೊದ್ದ ಹತ್ತು ಹನ್ನೆರಡು ಹೆಂಗಸರು. ಹಾಡು ಮುಗಿದ ಮೇಲೆ ಪಾಸ್ಟರಮ್ಮ ಪ್ರಾರ್ಥನಾ ವಿಷಯಗಳನ್ನು ಕೇಳುತ್ತಾರೆ. ಮಗನ ಪರೀಕ್ಷೆ, ಅತ್ತೆಯ ಸಕ್ಕರೆ ಕಾಯಿಲೆ, ಟೊಮೆಟೊ ರೇಟು ಬಿದ್ದು ಆದ ಸಾಲ, ಎಲ್ಲವೂ ವಿವರವಾಗಿಯೇ ಬರುತ್ತವೆ. ಒಬ್ಬಾಕೆ ಮಾತ್ರ "ಮನೇಲಿ ಸಮಾಧಾನಕ್ಕೆ ಪ್ರಾರ್ಥನೆ ಮಾಡಿ, ಅಕ್ಕ" ಎಂದು ತಲೆ ತಗ್ಗಿಸುತ್ತಾಳೆ. ಆ ಮಾತಿನ ಹಿಂದೆ ಗಂಡನ ಕುಡಿತವಿರಬಹುದು, ಹೊಡೆತವಿರಬಹುದು, ಹೆರಿಗೆಯಾದಂದಿನಿಂದ ಕಣ್ಣಿಗೆ ಹತ್ತದ ನಿದ್ದೆಯಿರಬಹುದು. ಬಿಡಿಸಿ ಹೇಳಿದರೆ ಭಾನುವಾರದ ಆರಾಧನೆ ಹೊತ್ತಿಗೆ ಸಭೆಗೆಲ್ಲ ಗೊತ್ತಾದೀತು ಎಂಬ ಭಯ ಅವಳಿಗೆ.

ಹೀಗೆ ನುಂಗಿಕೊಳ್ಳುವುದೇ ಭಕ್ತಿ ಎಂದು ಸತ್ಯವೇದ ಎಲ್ಲೂ ಕಲಿಸಿಲ್ಲ. ಮಕ್ಕಳಿಲ್ಲದ ಹನ್ನ ದೇವಾಲಯದಲ್ಲಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಾಗ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ಗದರಿಸಿದ. ಅವಳು ಸುಮ್ಮನಾಗದೆ, ತಾನು ಕುಡಿದಿಲ್ಲ, ದುಃಖ ತೋಡಿಕೊಳ್ಳುತ್ತಿದ್ದೇನೆ ಎಂದು ಎದುರೆದುರೇ ಹೇಳಿದಳು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ನೊವೊಮಿ, ದೇವರು ತನ್ನ ಬಾಳನ್ನು ಕಹಿ ಮಾಡಿದನೆಂದು ಊರ ಹೆಂಗಸರ ಮುಂದೆಯೇ ಅಂದಳು. ಸೊಸೆ ರೂತಳು ಅವಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಹೊಲದಲ್ಲಿ ತೆನೆ ಆಯ್ದು ತಂದು ಹೊಟ್ಟೆಗೆ ಹಾಕಿದಳು. ಸಾವು ಬೇಡಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಕೊಟ್ಟದ್ದು ರೊಟ್ಟಿ ಮತ್ತು ನೀರು. ಉಪದೇಶವಲ್ಲ. ತಿಂದು ಅವನು ಮತ್ತೆ ನಿದ್ದೆ ಹೋದ.

ಕೋಲಾರದ ಸಭೆಗೆ ಈ ಪಾಠ ಹೊಸದೇನೂ ಅಲ್ಲ. 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಇಲ್ಲಿ ಸಾಕಿದಾಕೆ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ. 1890ರಲ್ಲಿ ಅವರ ಮಿಷನ್ ಮೆಥೊಡಿಸ್ಟರ ಕೈಗೆ ಬಂತು. 1910ರಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಇಟಿಸಿಎಂ ಆಸ್ಪತ್ರೆ, ಶುರುವಾಯಿತು. ಪ್ರಾರ್ಥನೆ ಮಾಡಿದ ಕೈಗಳೇ ಇಲ್ಲಿ ಹೆರಿಗೆ ಮಾಡಿಸಿದವು, ಗಾಯಕ್ಕೆ ಪಟ್ಟಿ ಕಟ್ಟಿದವು. ಮೈಗೆ ಬಂದ ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವುದನ್ನು ಆಸ್ಪತ್ರೆ ಕಟ್ಟಿದ ಸಭೆ ಅವಿಶ್ವಾಸ ಎನ್ನುವಂತಿಲ್ಲ. ಮನಸ್ಸಿಗೆ ಬಂದ ಕಾಯಿಲೆಗೆ ಮಾತ್ರ ಆ ಮಾತು ಏಕೆ ಅಂಟಬೇಕು?

ಕೋಲಾರದಿಂದ ಮುಳಬಾಗಿಲು ದಾಟಿ ಪಲಮನೇರು, ಚಿತ್ತೂರಿನ ಮೇಲೆ ಹೋದರೆ ವೆಲ್ಲೂರು. ಅಲ್ಲಿನ ಕ್ರೈಸ್ತ ವೈದ್ಯಕೀಯ ಕಾಲೇಜು 1957ರಲ್ಲಿ ಬಾಗಾಯಂನಲ್ಲಿ ಮಾನಸಿಕ ಆರೋಗ್ಯ ಕೇಂದ್ರ ತೆರೆದಾಗ ಮನೆಯವರನ್ನೂ ರೋಗಿಯ ಜೊತೆಗೇ ಉಳಿಸಿಕೊಳ್ಳುವ ಪದ್ಧತಿ ತಂದಿತು. ರೋಗಿಯೊಡನೆ ಬಾಳಬೇಕಾದವರೂ ಕಲಿಯಬೇಕಾದ್ದು ಇದೆ ಎಂಬುದು ಅದರ ತಿರುಳು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಖಿನ್ನತೆ ಇದ್ದವರ ಪೈಕಿ ಸುಮಾರು ಶೇ 85ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಅಂಥ ಹೆಂಗಸು ಮನೆಕೂಟಕ್ಕೂ ಬರುತ್ತಿರುತ್ತಾಳೆ. ಕಣ್ಣೀರು ಕಂಡಕೂಡಲೇ "ನಿನ್ನ ವಿಶ್ವಾಸ ಸಾಲದು" ಎಂದರೆ, ಕಾಯಿಲೆಯ ಮೇಲೆ ತಪ್ಪಿನ ಹೊರೆಯನ್ನೂ ಹೊರಿಸಿ ಕಳಿಸಿದಂತೆ.

ದಾಂಪತ್ಯದ ವಿಷಯದಲ್ಲಿ ಹೊರೆ ಇನ್ನೂ ಹಳೆಯದು. 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯಾದರೆ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಹೊಡೆತವೊಂದೇ ಬಿಡುಗಡೆಗೆ ಸಾಲುತ್ತಿರಲಿಲ್ಲ. ಈ ತಾರತಮ್ಯ ಹೋಗಿದ್ದು 2001ರ ತಿದ್ದುಪಡಿಯಲ್ಲಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಸಲ್ಲುತ್ತದೆ. ಗಂಡನನ್ನು ಬಿಡದೆಯೂ ರಕ್ಷಣೆ ಕೇಳಬಹುದು. ಕ್ಷಮಿಸು ಎನ್ನುವ ಸಭೆ ಮೊದಲು ಅವಳನ್ನು ಹೊಡೆತದಿಂದ ತಪ್ಪಿಸಬೇಕು. ಕ್ಷಮೆ ಅವಳು ಕೊಡುವಂಥದ್ದು, ಬೇರೆಯವರು ಅವಳಿಂದ ಕಿತ್ತುಕೊಳ್ಳುವಂಥದ್ದಲ್ಲ.

ಹಾಗೆಂದು ಮನೆಕೂಟದ ಬೆಲೆ ಕಡಿಮೆಯೇನಲ್ಲ. ನರಸಾಪುರದ ಫ್ಯಾಕ್ಟರಿಗೆ ಶಿಫ್ಟ್ ಬಸ್ಸು ಹತ್ತುವ ಹುಡುಗಿಗೆ, ತವರು ದೂರವಾದ ಸೊಸೆಗೆ, ವಾರಕ್ಕೊಮ್ಮೆ ಹೆಸರು ಹಿಡಿದು ಕರೆದು "ಹೇಗಿದ್ದೀಯಮ್ಮ" ಎನ್ನುವ ಜಾಗ ಅದೊಂದೇ ಇರಬಹುದು. ಅದಕ್ಕೇ ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು.

ಸಭೆಗಳ ಸ್ತ್ರೀ ಸಂಘಗಳಲ್ಲಿ ಒಂದು ಕೋರಿಕೆ. ಪ್ರತಿ ಕೂಟದಲ್ಲೂ ಗುಟ್ಟು ಕಾಯಬಲ್ಲ ಇಬ್ಬರು ಹಿರಿಯ ಹೆಂಗಸರನ್ನು ಆರಿಸಿ. ಪ್ರಾರ್ಥನೆ ಮುಗಿದ ಮೇಲೆ ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಲಿ. ಬೇಕೆಂದವಳ ಜೊತೆ ಆಸ್ಪತ್ರೆಗೋ ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರಕ್ಕೋ ನಡೆದು ಹೋಗಲಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಹೆಂಗಸರ ಸಹಾಯವಾಣಿ 181. ಎರಡೂ ನಂಬರನ್ನು ಹಾಡಿನ ಪುಸ್ತಕದ ಒಳರಟ್ಟಿನ ಮೇಲೆ ಈ ವಾರವೇ ಬರೆದಿಟ್ಟುಕೊಳ್ಳಿ.